ಪಿಕಪ್‌ ಹಿಂದುಗಡೆ ಗುಂಯ್ ಶಬ್ದ: ಬೇರಿಂಗ್ ಹಾಕಿಸಿದರೂ ಹೋಗಿಲ್ಲ

ಟೊಮೆಟೊ ಗಾಡಿ:
ನಮಸ್ಕಾರ. ಚಿಂತಾಮಣಿ ಕಡೆಯಿಂದ ಕೋಲಾರದ ಮಾರ್ಕೆಟ್ಟಿಗೆ ಟೊಮೆಟೊ ಲೋಡ್ ಹೊಡೆಯುತ್ತೇನೆ. ಒಂದು ತಿಂಗಳಿಂದ ಸ್ಪೀಡ್ 50 ದಾಟಿದರೆ ಹಿಂದುಗಡೆ ಗುಂಯ್ ಅನ್ನುತ್ತದೆ. ಮೆಕ್ಯಾನಿಕ್ ಕೇಳಿದ ತಕ್ಷಣ ವೀಲ್ ಬೇರಿಂಗ್ ಅಂದರು. ಎರಡೂ ಕಡೆ ಹೊಸದು ಹಾಕಿಸಿದೆ. ಶಬ್ದ ಹಾಗೇ ಇದೆ. ಈಗ ಕ್ರೌನ್ (ಹಿಂದಿನ ಆಕ್ಸಲ್ ಒಳಗಿನ ದೊಡ್ಡ ಹಲ್ಲುಚಕ್ರ) ಬಿಚ್ಚೋಣ ಅನ್ನುತ್ತಿದ್ದಾರೆ. ಬಿಚ್ಚಿಸಲಾ?

ಹಳೇ ಸ್ಪ್ಯಾನರ್:
ಸ್ವಲ್ಪ ತಡೆಯಿರಿ. ನಾನೂ ಒಮ್ಮೆ ಹೀಗೇ ಸುಮ್ನೆ ಬೇರಿಂಗ್‌ಗೆ ದುಡ್ಡು ಸುರಿದಿದ್ದೇನೆ. ಖಾಲಿ ರಸ್ತೆಯಲ್ಲಿ 60ಕ್ಕೆ ಹೋಗಿ, ಆಕ್ಸಿಲರೇಟರ್‌ನಿಂದ ಪೂರ್ತಿ ಕಾಲು ತೆಗೆಯಿರಿ. ಕ್ಲಚ್ ಒತ್ತಬೇಡಿ. ಶಬ್ದ ತಕ್ಷಣ ನಿಂತರೆ ಅಥವಾ ರಾಗ ಬದಲಾದರೆ ಕ್ರೌನ್ ಮತ್ತು ಅದನ್ನು ತಿರುಗಿಸುವ ಸಣ್ಣ ಹಲ್ಲುಚಕ್ರ ಪಿನಿಯನ್ ಮೇಲೆ ಅನುಮಾನ. ವೀಲ್ ಬೇರಿಂಗ್‌ಗೆ ನಿಮ್ಮ ಕಾಲು ಎಲ್ಲಿದ್ದರೂ ಒಂದೇ, ಚಕ್ರ ತಿರುಗುವಷ್ಟು ಹೊತ್ತೂ ಗೊಣಗುತ್ತದೆ. ಬಲಕ್ಕೆ ತಿರುಗಿಸಿದಾಗ ಜೋರಾದರೆ ಸಾಮಾನ್ಯವಾಗಿ ಎಡಗಡೆಯದ್ದು, ಭಾರ ಆ ಕಡೆ ಬೀಳುತ್ತದೆ ಅಲ್ವಾ. ಕಾಂಕ್ರೀಟಿನಿಂದ ಡಾಂಬರಿಗೆ ಇಳಿದಾಗ ಬದಲಾದರೆ ಟಯರ್.

ನಾಲ್ಕನೇ ಗೇರ್:
ನಿಂತ ಗಾಡಿ ಹೊರಡಿಸುವಾಗ ಟಕ್ ಅಂತ ಏಟು ಬರುತ್ತದಾ? ಬಂದರೆ ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಬರುವ ಉದ್ದದ ಶಾಫ್ಟು) ಕ್ರಾಸ್, ಅಂದರೆ ಅದರ ಕೀಲು ನೋಡಿ. ಕ್ರಾಸಿನ ತುದಿಯ ಬೇರಿಂಗ್ ಕಪ್ಪಿನ ಸುತ್ತ ಕೆಂಪು ತುಕ್ಕಿನ ಪುಡಿ ಇದ್ದರೆ ಒಳಗೆ ಗ್ರೀಸ್ ಒಣಗಿದೆ ಅಂತಲೇ ಲೆಕ್ಕ.

ಟೊಮೆಟೊ ಗಾಡಿ:
ಟಕ್ ಇಲ್ಲ. ಕಾಲು ತೆಗೆದ ತಕ್ಷಣ ಶಬ್ದ ನಿಂತೇ ಹೋಯಿತು ಸಾರ್!

ಹಳೇ ಸ್ಪ್ಯಾನರ್:
ಹಾಗಾದರೆ ಮೊದಲು ಕ್ರೌನ್ ಆಯಿಲ್. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ತಣ್ಣಗಾದ ಮೇಲೆ ಹೌಸಿಂಗಿನ (ಕ್ರೌನ್ ಕೂತಿರುವ ಗೂಡು) ಫಿಲ್ಲರ್ ಬೋಲ್ಟ್, ಅಂದರೆ ಆಯಿಲ್ ತುಂಬುವ ತೂತಿನ ಬೋಲ್ಟ್ ಬಿಚ್ಚಿ ಬೆರಳು ಹಾಕಿ. ಆಯಿಲ್ ತೂತಿನ ಅಂಚಿಗೇ ಸಿಗಬೇಕು. ಹಾಲು ಜಾಸ್ತಿಯಾದ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ. ಡ್ರೈನ್ ಬೋಲ್ಟಿಗೆ ಮ್ಯಾಗ್ನೆಟ್ ಇದ್ದರೆ ಅದನ್ನೂ ಒರೆಸಿ ನೋಡಿ. ಕಾಡಿಗೆ ಥರ ನುಣ್ಣಗಿದ್ದರೆ ಹೆದರಬೇಡಿ, ಮಾಮೂಲಿ ಸವೆತ. ಉಗುರಿಗೆ ತಾಗುವ ಚೂರು ಸಿಕ್ಕರೆ ಗಾಡಿ ಓಡಿಸಬೇಡಿ.

ಟೊಮೆಟೊ ಗಾಡಿ:
ಬೆರಳು ಎರಡು ಗೆಣ್ಣು ಒಳಗೆ ಹೋದರೂ ಆಯಿಲ್ ಸಿಗಲಿಲ್ಲ! ಮ್ಯಾಗ್ನೆಟ್ ಮೇಲೆ ಬರೀ ಕಾಡಿಗೆ. ಆಯಿಲ್ ಸೋರದಂತೆ ತಡೆಯುವ ಪಿನಿಯನ್ ಸೀಲಿನ ಕೆಳಗೆ ಒದ್ದೆ, ಧೂಳು ಅಂಟಿ ಕಪ್ಪಗೆ ಗಟ್ಟಿಯಾಗಿದೆ.

ಹಳೇ ಸ್ಪ್ಯಾನರ್:
ಸೀಲ್ ಹಾಕಿಸುವ ಮುಂಚೆ ಹೌಸಿಂಗ್ ಮೇಲಿನ ಬ್ರೀದರ್ (ಗಾಳಿ ಹೋಗುವ ಸಣ್ಣ ಕಿಂಡಿ) ಬಿಚ್ಚಿ ಊದಿ ನೋಡಿ. ಹೊಲದ ಕೆಸರು ಕಟ್ಟಿಕೊಂಡಿದ್ದರೆ ಒಳಗಿನ ಬಿಸಿ ಗಾಳಿಗೆ ದಾರಿ ಇರುವುದಿಲ್ಲ. ಅದು ಸೀಲಿನ ಸಂದಿಯಿಂದ ಆಯಿಲನ್ನು ದೂಡುತ್ತದೆ. ಹೊಸ ಸೀಲೂ ಉಳಿಯುವುದಿಲ್ಲ. ಇನ್ನೊಂದು, ಪಿನಿಯನ್ ನಟ್ಟನ್ನು ಕಣ್ಣಂದಾಜಿಗೆ ಬಿಗಿ ಮಾಡಲು ಬಿಡಬೇಡಿ, ಪಿನಿಯನ್ ಬೇರಿಂಗಿನ ಪ್ರೀಲೋಡ್, ಅಂದರೆ ಅದಕ್ಕೆ ಇರಬೇಕಾದ ಬಿಗಿ ಕೆಡುತ್ತದೆ. ಆಯಿಲ್ ಮ್ಯಾನುಯಲ್‌ನಲ್ಲಿ ಹೇಳಿದ್ದನ್ನೇ ಹಾಕಿಸಿ.

ಟೊಮೆಟೊ ಗಾಡಿ:
ಬ್ರೀದರ್ ತುಂಬ ಮಣ್ಣು. ಕ್ಲೀನ್ ಮಾಡಿಸಿ, ಸೀಲ್, ಆಯಿಲ್ ಎರಡೂ ಹೊಸದು ಹಾಕಿಸಿದೆ. ನಿನ್ನೆ ಲೋಡ್ ಹಾಕಿ ಹೋಗಿ ಬಂದೆ. 65ರ ಹತ್ತಿರ ಸಣ್ಣಗೆ ಒಂದು ರಾಗ ಉಳಿದಿದೆ, ಅಷ್ಟೇ.

ಹಳೇ ಸ್ಪ್ಯಾನರ್:
ಆಯಿಲ್ ಇಲ್ಲದೆ ಓಡಿದ್ದಕ್ಕೆ ಹಲ್ಲು ಸ್ವಲ್ಪ ಸವೆದಿರಬೇಕು. ಜಾಸ್ತಿಯಾಗದಿದ್ದರೆ ಓಡಿಸಿ. ವಾರ ಬಿಟ್ಟು ಲೆವೆಲ್ ಮತ್ತೆ ನೋಡಿ. ಶಬ್ದ ಏರಿದರೆ ಕ್ರೌನ್, ಪಿನಿಯನ್ ಜೋಡಿಯಾಗಿಯೇ ಹಾಕಿಸಬೇಕು. ಒಂದನ್ನೇ ಬದಲಾಯಿಸೋಣ ಅಂದರೆ ಬೇರೆ ಗ್ಯಾರೇಜ್ ನೋಡಿಕೊಳ್ಳಿ.