ಹಾಲ್‌ನಲ್ಲಿ ಗೂಬೆ ಬೇಕಾ?

ಧಾರವಾಡ ಅಕ್ಕ: ಚಿತ್ರ ನೋಡಿ ಎಲ್ಲರೂ. ರೆಮೆಡಿಯೋಸ್ ವಾರೋ ಅನ್ನುವ ಕಲಾವಿದೆ ಬರೆದ ‘ಹಕ್ಕಿಗಳ ಸೃಷ್ಟಿ’, 1957ರದ್ದು. ಹೊಸ ಮನೆಯ ಹಾಲ್‌ಗೆ ಇದರ ದೊಡ್ಡ ಪ್ರಿಂಟ್ ಹಾಕಿಸಬೇಕು ಅಂತ ಇದ್ದೇವೆ.

ಹುಬ್ಬಳ್ಳಿ ಅತ್ತಿ: ಗೂಬೆ ಮುಖದ ಹೆಂಗಸಾ! ವಾಸ್ತುಶಾಂತಿ ಆಗಿ ತಿಂಗಳಾಗಿಲ್ಲ. ಗೂಬೆ ಕೂತ ಮನೆಯನ್ನೇ ಬಿಡುತ್ತಿದ್ದರು ನಮ್ಮ ಹಿರಿಯರು. ಬೇಡವೇ ಬೇಡ.

ಹಾವೇರಿ ತಮ್ಮ: ಅಕ್ಕಾ, ಇದು ಡಾಲಿ ಅಲ್ವಾ? ಕರಗುವ ಗಡಿಯಾರ ಬರೆದವನು?

ಧಾರವಾಡ ಅಕ್ಕ: ಅಲ್ಲಪ್ಪಾ. ಇಬ್ಬರೂ ಸ್ಪೇನಿನವರು, ಮ್ಯಾಡ್ರಿಡ್‌ನ ಒಂದೇ ಕಲಾಶಾಲೆಯಲ್ಲಿ ಕಲಿತವರು. ಅಷ್ಟೇ.

ಗದಗ ಕಾಕಾ: ನನ್ನ ತಕರಾರು ಗೂಬೆಯದಲ್ಲ. ಪಿಟೀಲು, ಭೂತಗನ್ನಡಿ, ಹಕ್ಕಿ ಎಲ್ಲ ಒಂದೇ ಕಡೆ ಕಲಸಿಬಿಟ್ಟರೆ ಆಯಿತಾ? ನಾವು ಗದಗಿನಲ್ಲಿ ಡ್ರಾಯಿಂಗ್ ಕಲಿಯುವಾಗ ಒಂದು ತಂಬಿಗೆಯ ನೆರಳು ಸರಿ ಬರುವ ತನಕ ಮಾಸ್ತರರು ಬಿಡುತ್ತಿರಲಿಲ್ಲ. ಕನಸಿನಂಥ ಚಿತ್ರ ಬರೆಯುವ ಈ ಸರ್ರಿಯಲಿಸ್ಟರಿಗೆ ಆ ಕಷ್ಟವೇ ಇಲ್ಲ. ಕನಸು ಬಿತ್ತು, ಬರೆದರು.

ಧಾರವಾಡ ಅಕ್ಕ: ಕಾಕಾ, ಈ ಮಾತು ಮಾತ್ರ ಒಪ್ಪೋದಿಲ್ಲ. ಆಕೆಯ ಅಪ್ಪ ಎಂಜಿನಿಯರ್, ನೀರಿನ ಕಾಮಗಾರಿಗಳವರು. ಮಗಳಿಗೆ ಚಿಕ್ಕಂದಿನಲ್ಲೇ ಅಳತೆ ಹಿಡಿದು ನಕ್ಷೆ ತೆಗೆಯುವುದನ್ನು ಕಲಿಸಿದರು. ಚಿತ್ರವನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ಕಿಟಕಿಯ ಹೊರಗಿನಿಂದ ಏನೋ ಒಂದು ಮೊಟ್ಟೆಯಾಕಾರದ ಪಾತ್ರೆಗೆ ಇಳಿಯುತ್ತದೆ. ಅದು ಸೋಸಿ ಮೂರು ಬಣ್ಣವಾಗಿ ಹಲಗೆಗೆ ಬೀಳುತ್ತದೆ. ಕುಂಚ ಕೊರಳಿನ ಪಿಟೀಲಿಗೆ ಸೇರಿದೆ. ಇನ್ನೊಂದು ಕೈಯ ಮುಕ್ಕೋನ ಗಾಜು ನಕ್ಷತ್ರದ ಬೆಳಕನ್ನು ಹಿಡಿದು ಹಾಳೆಯ ಮೇಲೆ ಬಿಡುತ್ತದೆ. ಆಗ ಬರೆದ ಹಕ್ಕಿಗೆ ಜೀವ ಬರುತ್ತದೆ. ಇದರಲ್ಲಿ ಕಲಸಿದ್ದು ಏನಿದೆ ಹೇಳಿ? ಯಾವುದು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಬೆರಳಿಟ್ಟು ತೋರಿಸಬಹುದು.

ಗದಗ ಕಾಕಾ: ಕೈ ಪಳಗಿದ್ದು, ಒಪ್ಪಿದೆ. ಆದರೆ ಬುದ್ಧಿಯ ಹಿಡಿತ ಬಿಟ್ಟು ಬರೆಯಬೇಕು ಅಂತ ಆ ಪಂಥದ ಮುಖಂಡ ಬ್ರೆಟನ್ 1924ರಲ್ಲೇ ಹೇಳಿದ್ದಾನೆ. ಇಷ್ಟು ಲೆಕ್ಕ ಹಾಕಿದರೆ ಅದು ಸರ್ರಿಯಲಿಸಂ ಹೇಗಾಗುತ್ತದೆ?

ಧಾರವಾಡ ಅಕ್ಕ: ಒಳ್ಳೆ ಪ್ರಶ್ನೆ. ಆಕೆ ಹಸಿ ಬಣ್ಣದ ಮೇಲೆ ಹಾಳೆ ಒತ್ತಿ ಎತ್ತುತ್ತಿದ್ದಳು. ಪಾಚಿಯೋ ಮೋಡವೋ, ಏನು ಮೂಡಿದರೆ ಅದು. ಅಲ್ಲಿ ಹಿಡಿತ ಇಲ್ಲ. ಆದರೆ ಮನುಷ್ಯರು, ಗೋಡೆ, ಯಂತ್ರ ಎಲ್ಲ ಮೊದಲೇ ಪೆನ್ಸಿಲ್‌ನಲ್ಲಿ ತೆಗೆದು ಬೋರ್ಡಿಗೆ ಇಳಿಸಿದ್ದು. ನನಗೆ ಆಕೆ ಡಾಲಿಗಿಂತ ಜಾಸ್ತಿ ಇಷ್ಟವಾಗುವುದು ಇದಕ್ಕೇ. ಬೆರಗಾಗಲಿ ಅಂತ ಏನನ್ನೂ ಸುಮ್ನೆ ತಂದಿಡುವುದಿಲ್ಲ.

ಹುಬ್ಬಳ್ಳಿ ಅತ್ತಿ: ಗಂಡನನ್ನು ಬಿಟ್ಟು ಯಾರೋ ಕವಿಯ ಜೊತೆ ಪ್ಯಾರಿಸ್‌ಗೆ ಹೋದಳಂತೆ. ಮೊಮ್ಮಗಳು ಈಗ ಓದಿ ಹೇಳಿದಳು.

ಧಾರವಾಡ ಅಕ್ಕ: ಹೌದು ಅತ್ತಿ, ಬೆಂಜಮಿನ್ ಪೆರೆ ಅಂತ. ಅಷ್ಟನ್ನೇ ಹಿಡಿಯಬೇಡಿ. ಸ್ಪೇನಿನ ಅಂತರ್ಯುದ್ಧದಲ್ಲಿ ಜನರಲ್ ಫ್ರಾಂಕೋ ಗೆದ್ದ, ಊರಿಗೆ ವಾಪಸ್ ಹೋಗುವ ಹಾಗಿರಲಿಲ್ಲ. ಪ್ಯಾರಿಸ್‌ಗೆ ಜರ್ಮನರು ಬಂದರು. 1941ರ ಕೊನೆಗೆ ಮೆಕ್ಸಿಕೋ ಸೇರಿದಳು. ಅಲ್ಲಿ ಹೊಟ್ಟೆಪಾಡಿಗೆ ಬೇಯರ್ ಔಷಧ ಕಂಪನಿಗೆ ಜಾಹೀರಾತಿನ ಚಿತ್ರ ಬರೆದಳು. ವೆನೆಜುವೆಲಾದಲ್ಲಿ ಇದ್ದಾಗ ಮಲೇರಿಯಾ ಕೆಲಸಕ್ಕೆ ಕೀಟಗಳ ಚಿತ್ರ ತೆಗೆದಳು. ತನ್ನ ಚಿತ್ರಗಳಿಗೆ ಪೂರ್ತಿ ಸಮಯ ಸಿಕ್ಕಿದ್ದು 1950ರ ದಶಕದಲ್ಲಿ, ನಲವತ್ತು ದಾಟಿದ ಮೇಲೆ. 1963ರಲ್ಲಿ ಹೃದಯಾಘಾತವಾಗಿ ಹೋದಳು, 54 ವರ್ಷ. ನಾವು ಈಗ ಹೊಗಳುವ ಚಿತ್ರಗಳೆಲ್ಲ ಹೆಚ್ಚುಕಡಿಮೆ ಆ ಹತ್ತು ಹನ್ನೆರಡು ವರ್ಷಗಳದ್ದೇ. ನೆನೆಸಿಕೊಂಡರೆ ನನಗೆ ಸಂಕಟವಾಗುತ್ತದೆ.

ಹುಬ್ಬಳ್ಳಿ ಅತ್ತಿ: ಪಾಪ. ಆದರೂ ಗೂಬೆ ಬೇಡ.

ಧಾರವಾಡ ಅಕ್ಕ: ಸರಿ, ಇನ್ನೊಂದು ಕಳಿಸಿದೆ, 1961ರದ್ದು. ಹುಡುಗಿಯರು ಗೋಪುರದಲ್ಲಿ ಕೂತು ಕಸೂತಿ ಹಾಕುತ್ತಿದ್ದಾರೆ. ಬಟ್ಟೆ ಕಿಂಡಿಗಳಿಂದ ಕೆಳಗೆ ಇಳಿದು ಭೂಮಿಯೇ ಆಗುತ್ತಿದೆ. ಮನೆ, ಗಿಡ, ನೀರು ಎಲ್ಲ ಅದರಲ್ಲೇ. ವಾರೋ ಸ್ವತಃ ಕಾನ್ವೆಂಟಿನಲ್ಲಿ ಓದಿದವಳು.

ಹುಬ್ಬಳ್ಳಿ ಅತ್ತಿ: ನಡುವೆ ಮುಸುಕು ಹಾಕಿಕೊಂಡು ಪುಸ್ತಕ ಹಿಡಿದು ನಿಂತವರು ಯಾರು? ದಾರ ಅವರ ಪಾತ್ರೆಯಿಂದಲೇ ಬರುತ್ತಿದೆಯಲ್ಲ. ಹುಡುಗಿಯರಿಗೆ ತಮಗೆ ಬೇಕಾದ್ದನ್ನು ಹಾಕುವ ಹಾಗಿಲ್ಲ ಅಂತ ಕಾಣುತ್ತದೆ.

ಧಾರವಾಡ ಅಕ್ಕ: ಅತ್ತಿ, ಕಣ್ಣು ಅಂದರೆ ನಿಮ್ಮದು! ಒಬ್ಬಳು ಮಾತ್ರ ಬಟ್ಟೆಯ ಮಡಿಕೆಯಲ್ಲಿ ಕದ್ದು ತನ್ನನ್ನೂ ತನ್ನ ಹುಡುಗನನ್ನೂ ಕಸೂತಿಯಲ್ಲಿ ಹಾಕಿದ್ದಾಳೆ. ಫೋನ್ ತಿರುಗಿಸಿ ನೋಡಿ, ತಲೆಕೆಳಗಾಗಿದೆ.

ಹುಬ್ಬಳ್ಳಿ ಅತ್ತಿ: ಕಂಡಿತು! ನಮ್ಮ ಕಸೂತಿಯಲ್ಲಿ ಇದು ನಡೆಯುವುದಿಲ್ಲ. ಗವಂತಿ ಹೊಲಿಗೆ ಒಳಗೂ ಹೊರಗೂ ಒಂದೇ ಕಾಣಬೇಕು, ಏನನ್ನೂ ಮುಚ್ಚಿಡುವ ಹಾಗಿಲ್ಲ. ಇವಳು ಗಟ್ಟಿಗಿತ್ತಿ.

ಹಾವೇರಿ ತಮ್ಮ: ತಪ್ಪಿಸಿಕೊಂಡಳಾ?

ಧಾರವಾಡ ಅಕ್ಕ: ಮೂರು ಚಿತ್ರಗಳ ಸರಣಿ ಇದು, ಇದು ಎರಡನೆಯದು. ಮೂರನೆಯದರಲ್ಲಿ ಇಬ್ಬರೂ ಮಗುಚಿದ ಕೊಡೆಯಂಥ ದೋಣಿಯಲ್ಲಿ ಹೋಗುತ್ತಿದ್ದಾರೆ.

ಗದಗ ಕಾಕಾ: ಇದರಲ್ಲಿ ಬಟ್ಟೆಯ ಮಡಿಕೆ ಚೆನ್ನಾಗಿ ತೆಗೆದಿದ್ದಾಳೆ. ನೆರಳು ಎಲ್ಲೂ ತಪ್ಪಿಲ್ಲ.

ಹುಬ್ಬಳ್ಳಿ ಅತ್ತಿ: ಮೂರನ್ನೂ ಕಳಿಸು. ಫೋನಿನಲ್ಲಿ ಹೊಲಿಗೆ ಕಾಣುತ್ತಿಲ್ಲ, ದೊಡ್ಡ ಫೈಲೇ ಕಳಿಸು.