ಗಂಗೊಳ್ಳಿ ಮನೆ ವಾಟ್ಸಾಪ್ ಗ್ರೂಪಿನಲ್ಲಿ ಮೀನುಗಾರಿಕೆ ಸಬ್ಸಿಡಿ ಜಗಳ (2025ರ ಕೊನೆ)

ಅಕ್ಷತಾ (ಬೆಂಗಳೂರು): ಫಾರ್ವರ್ಡ್: "ವಿಶ್ವ ವ್ಯಾಪಾರ ಸಂಸ್ಥೆಯ ಮೀನುಗಾರಿಕೆ ಸಬ್ಸಿಡಿ ಒಪ್ಪಂದ 2025ರ ಸೆಪ್ಟೆಂಬರ್ 15ರಿಂದ ಜಾರಿ. ಭಾರತ ಇನ್ನೂ ಸೇರಿಲ್ಲ."
ಚೀನಾ ಕೂಡ 2023ರಲ್ಲೇ ಸೇರಿದೆ. ನಮಗೇನು ಕಷ್ಟ?

ಸುರೇಶ ಚಿಕ್ಕಪ್ಪ: ಎಂತ ಮಾರಾಯ್ತಿ, ಬೆಂಗಳೂರಲ್ಲಿ ಕೂತು ಹೇಳುವುದು ಸುಲಭ. ಸಮುದ್ರ ಬರಿದು ಮಾಡಿದ್ದು ಯಾರು? ಸಾವಿರಾರು ಮೈಲಿ ಹೋಗಿ ಮೀನು ಬಾಚುವ ದೊಡ್ಡ ಹಡಗಿನವರು. 2022ರಲ್ಲಿ ಜಿನೀವಾದ ಆ ಸಂಸ್ಥೆಯ ಸಭೆಯಲ್ಲಿ ನಮ್ಮ ವಾಣಿಜ್ಯ ಮಂತ್ರಿ ಪಿಯೂಷ್ ಗೋಯಲ್ ಲೆಕ್ಕ ಇಟ್ಟರಲ್ಲ? ನಮ್ಮ ಒಂದು ಮೀನುಗಾರ ಕುಟುಂಬಕ್ಕೆ ವರ್ಷಕ್ಕೆ ಹೆಚ್ಚೆಂದರೆ 15 ಡಾಲರ್, ಕೆಲವು ದೇಶಗಳಲ್ಲಿ 75,000 ಡಾಲರ್‌ವರೆಗೆ ಅಂತ.

ರಾಘು (ಮಸ್ಕತ್): ಅಬುಧಾಬಿ ಸಭೆಯಲ್ಲಿ 2024ರಲ್ಲಿ ಭಾರತ ಕೇಳಿದ್ದೂ ಅದನ್ನೇ. ದೂರದ ಸಮುದ್ರಕ್ಕೆ ಹೋಗುವವರ ಸಬ್ಸಿಡಿ 25 ವರ್ಷ ಬಂದ್ ಮಾಡಿ. ನಮ್ಮಂಥ ದೇಶಗಳಿಗೆ 25 ವರ್ಷ ಟೈಮ್ ಕೊಡಿ. ತಪ್ಪೇನಿದೆ?

ಅಕ್ಷತಾ: ತಪ್ಪಿಲ್ಲ ರಾಘಣ್ಣ. ಆದರೆ ಅದು ಒಪ್ಪಂದದ ಎರಡನೇ ಭಾಗ, ಇನ್ನೂ ಆಗೇ ಇಲ್ಲ. ಈಗ ಜಾರಿಗೆ ಬಂದದ್ದು 2022ರದ್ದು. ಕಳ್ಳ ಮೀನುಗಾರಿಕೆಗೆ, ಈಗಾಗಲೇ ಖಾಲಿಯಾಗುತ್ತಿರುವ ಮೀನು ಹಿಡಿಯಲಿಕ್ಕೆ, ಯಾರ ಅಂಕೆಯೂ ಇಲ್ಲದ ನಡುಸಮುದ್ರದಲ್ಲಿ ಹಿಡಿಯಲಿಕ್ಕೆ ಸಬ್ಸಿಡಿ ಬೇಡ ಅನ್ನುತ್ತದೆ. ಅವತ್ತು ಜಿನೀವಾದಲ್ಲಿ ನಾವೂ ಹೂಂ ಅಂದಿದ್ದೆವು. ಆಮೇಲೆ ಒಪ್ಪಿಗೆಯ ಕಾಗದ ಕೊಟ್ಟಿಲ್ಲ, ಅಷ್ಟೇ.

ದೊಡ್ಡಮ್ಮ: ಸುರೇಶ, ಅಂಜಲ್ ಬಂದಿದೆಯಾ?

ಸುರೇಶ ಚಿಕ್ಕಪ್ಪ: ಬಂಗುಡೆ ಇದೆ ಅತ್ತಿಗೆ. ಅಂಜಲ್ ರೇಟ್ ಕೇಳಬೇಡಿ.
ಅಕ್ಷತಾ, ಇವತ್ತು ಕಳ್ಳರು ಅಂತಾರೆ. ನಾಳೆ ಕರರಹಿತ ಡೀಸೆಲ್‌ಗೂ ಕೈ ಹಾಕುತ್ತಾರೆ. ಅದಿಲ್ಲದೆ ಟ್ರಾಲ್ ಬೋಟ್ ಒಂದು ಟ್ರಿಪ್ ಹೋಗಿ ಬಂದರೆ ಕೈಯಿಂದಲೇ ಹಾಕಬೇಕು. ಜೂನ್, ಜುಲೈ 61 ದಿನ ನಾವು ಬೋಟ್ ಕಟ್ಟಿ ಕೂರುತ್ತೇವೆ. ಅದು ಮೀನು ಉಳಿಸುವುದು ಅಲ್ವಾ?

ಗಣಪತಿ ಮಾವ: ನಾನೊಂದು ಕೇಳುತ್ತೇನೆ. ದೆಹಲಿಯವರು ಅಲ್ಲಿ ಹೋಗಿ ಹೇಳುವ ಬಡ ಮೀನುಗಾರ ಯಾರು ಸುರೇಶ? ನಾನಾ, ನೀನಾ? ನನ್ನ ನಾಡದೋಣಿಗೆ ಸೀಮೆಎಣ್ಣೆಯೇ ಸರಿಯಾಗಿ ಸಿಗುವುದಿಲ್ಲ. ಹೆಸರು ನನ್ನದು, ಡೀಸೆಲ್ ನಿನಗೆ.

ಸುರೇಶ ಚಿಕ್ಕಪ್ಪ: ಭಾವ, ನೀವೂ ಹೀಗೆ ಹೇಳಿದರೆ ಹೇಗೆ? ನನ್ನದು ಸಾಲದ ಬೋಟ್.

ಗಣಪತಿ ಮಾವ: ಸಾಲ ಇಲ್ಲ ಅಂದೆನಾ? ಅಕ್ಷತಾ, ಆ ಕಳ್ಳ ಮೀನುಗಾರಿಕೆಯಲ್ಲಿ ಲೈಟ್ ಫಿಶಿಂಗ್, ರಾತ್ರಿ ದೀಪ ಹಾಕಿ ಮೀನು ಸೆಳೆದು ಹಿಡಿಯುವುದು, ಬರುತ್ತದಾ?

ಅಕ್ಷತಾ: ಬರಬೇಕು ಮಾವ. ಕೇಂದ್ರ ಅದನ್ನು 2017ರಲ್ಲೇ ನಿಷೇಧಿಸಿದೆ. ನಮ್ಮ ಸಮುದ್ರದಲ್ಲಿ ಯಾರು ತಪ್ಪು ಮಾಡಿದರು ಅಂತ ತೀರ್ಮಾನಿಸುವುದು ನಮ್ಮವರೇ, ಜಿನೀವಾದವರಲ್ಲ. ತಪ್ಪು ಅಂತಾದರೆ ಆ ಬೋಟಿಗೆ ಸಬ್ಸಿಡಿ ಇಲ್ಲ. ನಮ್ಮಂಥ ದೇಶಗಳಿಗೆ ತೀರದಿಂದ 200 ನಾಟಿಕಲ್ ಮೈಲಿ ಒಳಗೆ ಮೊದಲ 2 ವರ್ಷ ವಿನಾಯಿತಿಯೂ ಇದೆ.

ಗಣಪತಿ ಮಾವ: ಹಾಗಾದರೆ ನಾಳೆಯೇ ಸಹಿ ಹಾಕಲಿ.

ರಾಘು: ಮಾವ, ಸುಮ್ನೆ ಹಾಕಿದರೆ ಆಮೇಲೆ ನಮ್ಮ ಮಾತು ಯಾರು ಕೇಳುತ್ತಾರೆ? 2026ರ ಮಾರ್ಚಿನಲ್ಲಿ ಕ್ಯಾಮರೂನಿನಲ್ಲಿ ವ್ಯಾಪಾರ ಸಂಸ್ಥೆಯ ಮಂತ್ರಿಗಳ ಸಭೆ ಇದೆ. ದೊಡ್ಡ ಹಡಗಿನವರನ್ನು ಬಗ್ಗಿಸಲಿಕ್ಕೆ ಏನಾದರೂ ಕೈಯಲ್ಲಿ ಬೇಕಲ್ಲ.

ಅಕ್ಷತಾ: ನಾವು ಬರದೆಯೇ 111 ಸದಸ್ಯರು ಸೇರಿ ಜಾರಿ ಮಾಡಿಕೊಂಡರು. ಇನ್ನು ಕೈಯಲ್ಲಿ ಏನಿದೆ ರಾಘಣ್ಣ? ಒಳಗಿದ್ದೇ ಎರಡನೇ ಭಾಗಕ್ಕೆ ಹಟ ಹಿಡಿಯಬಹುದಿತ್ತು. 4 ವರ್ಷದೊಳಗೆ ಅದು ಆಗದಿದ್ದರೆ, ಎಲ್ಲರೂ ಕೂತು ಬೇರೆ ತೀರ್ಮಾನ ಮಾಡದಿದ್ದರೆ, ಇದೂ ಬಿದ್ದುಹೋಗುತ್ತದೆ ಅಂತ ಅದರಲ್ಲೇ ಬರೆದಿದೆ.

ಸುರೇಶ ಚಿಕ್ಕಪ್ಪ: ಲೈಟ್ ಫಿಶಿಂಗ್ ನಿಲ್ಲಿಸಲಿಕ್ಕೆ ಜಿನೀವಾ ಯಾಕೆ ಭಾವ? ಇಲ್ಲಿಯ ಕಾನೂನು ಸಾಲದಾ?

ಗಣಪತಿ ಮಾವ: ಕಾನೂನು ಬಂದು 8 ವರ್ಷ ಆಯಿತು. ನಿನ್ನೆ ರಾತ್ರಿಯೂ ಜನರೇಟರ್ ಇಟ್ಟುಕೊಂಡು ಮರಿಮೀನು ಸಮೇತ ಬಾಚಿದ್ದಾರೆ. ಅವರೂ ನಿನ್ನ ಹಾಗೆ ಅದೇ ಬಂಕಿನಲ್ಲಿ ಕರರಹಿತ ಡೀಸೆಲ್ ಹಾಕಿಸಿಕೊಳ್ಳುವವರು.