ಅಪ್‌ಡೇಟ್: ಟ್ರಿಂಗ್ ಬದಲು ಬರ್ಕಮ್‌ಸ್ಟೆಡ್‌ನಲ್ಲಿ ಮನೆ ಮಾಡಿದೆವು

ಲಂಡನ್ನಿನ ಕೆಲಸಕ್ಕೆ ರೈಲಿನಲ್ಲಿ ಹೋಗಿಬರುತ್ತ ಹಳ್ಳಿಗಾಡಿನ ನಡುವೆ ವಾಸಿಸಲು ಲಂಡನ್ನಿನ ವಾಯವ್ಯಕ್ಕಿರುವ ಪುಟ್ಟ ಊರುಗಳಾದ ಟ್ರಿಂಗ್, ಬರ್ಕಮ್‌ಸ್ಟೆಡ್‌ಗಳಲ್ಲಿ ಯಾವುದು ಅನುಕೂಲವೆಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ವಂದನೆಗಳು. ಟ್ರಿಂಗ್‌ನ ನಿಲ್ದಾಣವು ಊರಿನಿಂದ ಸುಮಾರು 2.5 ಕಿಲೋಮೀಟರ್ ಆಚೆ ಹೊಲಗಳ ಮಧ್ಯೆ ಇರುವುದರಿಂದ, ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುವ ಈ ದೇಶದಲ್ಲಿ ದಿನವೂ ಆ ದಾರಿ ನಡೆಯುವುದು ನಮಗೆ ಒಗ್ಗದೆಂದು ಬರ್ಕಮ್‌ಸ್ಟೆಡ್‌ನಲ್ಲೇ ಬಾಡಿಗೆಗೆ ಮನೆ ಹಿಡಿದೆವು. ಇಲ್ಲಿ ನಿಲ್ದಾಣದ ಒಂದು ಬದಿಗೆ ನಾರ್ಮನ್ನರ ಕಾಲದ ಪಾಳುಕೋಟೆ, ಇನ್ನೊಂದು ಬದಿಗೆ ಗ್ರ್ಯಾಂಡ್ ಯೂನಿಯನ್ ಕಾಲುವೆ. ಸುತ್ತಲಿನ ಹೊಲಗಳು ಖಾಸಗಿಯವರದಾದರೂ ಸಾರ್ವಜನಿಕ ಕಾಲುದಾರಿಗಳಿಗೆ ಕಾನೂನಿನ ರಕ್ಷಣೆಯಿರುವುದರಿಂದ ಪೈರಿನ ನಡುವೆಯೇ ನಿಶ್ಚಿಂತೆಯಿಂದ ನಡೆಯಬಹುದು (ನವೆಂಬರಿನ ಕೆಸರಿಗೆ ಗಮ್‌ಬೂಟ್ ಬೇಕೇ ಬೇಕು). ಊರುಗಳ ಸುತ್ತಲಿನ ಬಯಲಿನಲ್ಲಿ ಕಟ್ಟಡ ಕಟ್ಟುವುದನ್ನು ನಿರ್ಬಂಧಿಸಿ ಈ ಹಸಿರನ್ನು ಉಳಿಸಿರುವ ಗ್ರೀನ್ ಬೆಲ್ಟ್ ನಿಯಮವೇ ಹೊಸ ಮನೆಗಳಿಗೂ ಅಡ್ಡಿಯಾಗಿರುವುದರಿಂದ ಸ್ವಂತ ಮನೆಯ ಮಾತು ಸದ್ಯಕ್ಕೆ ದೂರವೇ ಉಳಿದಿದೆ.